ದುಬೈನಿಂದ ಊರಿಗೆ ದುಡ್ಡು: ಎಕ್ಸ್‌ಚೇಂಜೋ, ಬ್ಯಾಂಕೋ, ಆ್ಯಪೋ?

ತಿಂಗಳ ಮೊದಲ ವಾರ ದೇರಾದಲ್ಲೋ, ಶಾರ್ಜಾದ ರೋಲಾದಲ್ಲೋ, ಅಬುಧಾಬಿಯ ಮುಸಫ್ಫಾದಲ್ಲೋ ಹಣ ಬದಲಿಸಿ ಊರಿಗೆ ಕಳಿಸಿಕೊಡುವ ಎಕ್ಸ್‌ಚೇಂಜ್ ಕೌಂಟರಿನ ಸಾಲಿನಲ್ಲಿ ನಿಂತರೆ ಕಿವಿಗೆ ಬೀಳುವುದು ಒಂದೇ ಪ್ರಶ್ನೆ: ‘ಇವತ್ತು ರೇಟ್ ಎಷ್ಟು?’ ಮಂಗಳೂರು, ಉಡುಪಿ, ಭಟ್ಕಳದ ಮನೆಗಳಲ್ಲಿ ಫೋನ್ ಎತ್ತಿದವರು ಕೇಳುವುದೂ ಅದನ್ನೇ. ಆದರೆ ರೇಟ್ ಗೊತ್ತಾದರೆ ಅರ್ಧ ಲೆಕ್ಕ ಮಾತ್ರ ಗೊತ್ತಾದ ಹಾಗೆ. ಚಾರ್ಜ್ ಎಷ್ಟು, ಊರಿನಲ್ಲಿ ಯಾವ ಖಾತೆಗೆ ಬೀಳುತ್ತದೆ, ದಾರಿಯಲ್ಲಿ ಯಾರು ಎಷ್ಟು ಹಿಡಿದುಕೊಳ್ಳುತ್ತಾರೆ ಎಂಬುದೆಲ್ಲ ಸೇರಿದ ಮೇಲೆಯೇ ಪೂರ್ತಿ ಲೆಕ್ಕ. ಆದ್ದರಿಂದ ಯಾವ ದಾರಿಯನ್ನು ತೂಗುವಾಗಲೂ ಕೇಳಬೇಕಾದದ್ದು ಇಷ್ಟು: ನನ್ನ ಕೈಯಿಂದ ಒಟ್ಟು ಇಷ್ಟು ದಿರ್ಹಂ ಹೋದರೆ, ಊರಿನ ಪಾಸ್‌ಬುಕ್ಕಿನಲ್ಲಿ ಎಷ್ಟು ರೂಪಾಯಿ ಜಮಾ ಆಗುತ್ತದೆ?

ಇದು ಸಣ್ಣ ವಿಷಯವಲ್ಲ. ರಿಸರ್ವ್ ಬ್ಯಾಂಕಿನ ಸಮೀಕ್ಷೆಯ ಪ್ರಕಾರ 2023-24ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಹಣದಲ್ಲಿ ಯುಎಇಯ ಪಾಲು ಶೇ 19.2. ಅಮೆರಿಕದ ನಂತರದ ಸ್ಥಾನ ಅದರದ್ದೇ. ಈ ಬರಹ ಯುಎಇಯನ್ನೇ ಮುಂದಿಟ್ಟುಕೊಂಡಿದೆ. ಗಲ್ಫಿನ ಬೇರೆ ದೇಶಗಳಲ್ಲಿ ಇರುವವರಿಗೂ ಲೆಕ್ಕದ ಕ್ರಮ ಇದೇ, ಅಂಕಿಗಳಷ್ಟೇ ಬೇರೆ.

ಅಸಲಿ ರೇಟ್ ಯಾವುದು?

ದಿರ್ಹಮಿಗೂ ರೂಪಾಯಿಗೂ ನೇರ ನಂಟಿಲ್ಲ, ನಡುವೆ ಡಾಲರ್ ಇದೆ. 1997ರಿಂದಲೂ ಒಂದು ಡಾಲರಿಗೆ 3.6725 ದಿರ್ಹಂ ಎಂದು ಗಂಟು ಹಾಕಿಟ್ಟಿದ್ದಾರೆ. ಹಾಗಾಗಿ ದಿರ್ಹಮಿನ ರೇಟ್ ಏರಿತು ಎಂದರೆ ಡಾಲರಿನ ಎದುರು ರೂಪಾಯಿ ಇಳಿಯಿತು ಎಂದೇ ಅರ್ಥ. ಅಸಲಿ ರೇಟ್ ತಿಳಿಯಲು ಯಾರ ಬೋರ್ಡನ್ನೂ ನೋಡಬೇಕಿಲ್ಲ. ಆ ಹೊತ್ತಿನ ಡಾಲರ್ ಬೆಲೆಯನ್ನು 3.6725ರಿಂದ ಭಾಗಿಸಿದರೆ ಸಾಕು. ಡಾಲರ್ 88.14 ರೂಪಾಯಿ ಇದ್ದ ಗಳಿಗೆಯಲ್ಲಿ ದಿರ್ಹಂ ಸರಿಯಾಗಿ 24.00 ರೂಪಾಯಿ. ಮುಂದಿನ ಲೆಕ್ಕಗಳಿಗೆಲ್ಲ ಈ 24.00 ಅನ್ನೇ ಇಟ್ಟುಕೊಳ್ಳೋಣ. ನೀವು ಕಳಿಸುವ ದಿನ ನಿಮ್ಮ ಅಂಕಿ ಹಾಕಿಕೊಳ್ಳಿ.

ಸೌದಿಯಲ್ಲಿರುವವರು 3.75ರಿಂದ, ಕತಾರಿನವರು 3.64ರಿಂದ ಭಾಗಿಸಬೇಕು. ಬಹರೇನ್ ದಿನಾರಿಗೆ 0.376, ಒಮಾನ್ ರಿಯಾಲಿಗೆ 0.3845. ಕುವೈತ್ ದಿನಾರ್ ಮಾತ್ರ 2007ರಿಂದ ಹಲವು ನಾಣ್ಯಗಳ ಬುಟ್ಟಿಗೆ ಕಟ್ಟಿಕೊಂಡಿರುವುದರಿಂದ ಅಲ್ಲಿ ಈ ಸುಲಭದ ಭಾಗಾಕಾರ ನಡೆಯುವುದಿಲ್ಲ.

ಕೌಂಟರಿನಲ್ಲೋ ಆ್ಯಪಿನಲ್ಲೋ ನಿಮಗೆ 24.00 ಸಿಗುವುದಿಲ್ಲ. 23.93 ಸಿಗಬಹುದು, 23.70ಕ್ಕೂ ಇಳಿಯಬಹುದು. ನಡುವಿನ ಆ ಪೈಸೆಗಳು ಹಣ ಕಳಿಸಿಕೊಡುವ ಕಂಪನಿಯ ಲಾಭ. ಅದು ರಶೀದಿಯಲ್ಲಿ ಬೇರೆ ಸಾಲಾಗಿ ಕಾಣುವುದಿಲ್ಲ. ‘ಚಾರ್ಜ್ ಇಲ್ಲ’ ಎಂದು ದೊಡ್ಡದಾಗಿ ಬರೆದ ಕಡೆ ಹಣ ಹೋಗುವುದು ಇಲ್ಲಿಯೇ.

ಚಾರ್ಜ್ ಹೆಚ್ಚೋ, ರೇಟ್ ಕಡಿಮೆಯೋ

ಒಂದು ಎಕ್ಸ್‌ಚೇಂಜಿನಲ್ಲಿ ರೇಟ್ 23.88, ಚಾರ್ಜ್ 20 ದಿರ್ಹಂ ಎಂದುಕೊಳ್ಳಿ. ಚಾರ್ಜಿನ ಮೇಲೆ ಶೇ 5 ವ್ಯಾಟ್ ಸೇರಿ 21 ದಿರ್ಹಂ. ಇನ್ನೊಂದು ಕಡೆ, ಬ್ಯಾಂಕಿನ ಆ್ಯಪಿನಲ್ಲಿ, ಚಾರ್ಜೇ ಇಲ್ಲ, ಆದರೆ ರೇಟ್ 23.70.

ಕೈಯಲ್ಲಿ 500 ದಿರ್ಹಂ ಇದ್ದರೆ ಎಕ್ಸ್‌ಚೇಂಜಿನಲ್ಲಿ 21 ಕಳೆದು 479 ದಿರ್ಹಂ ಪರಿವರ್ತನೆ ಆಗುತ್ತದೆ. ಊರಿಗೆ ಸೇರುವುದು 11,438 ರೂಪಾಯಿ. ಬ್ಯಾಂಕಿನಲ್ಲಿ ಪೂರ್ತಿ 500 ಹೋಗಿ 11,850 ರೂಪಾಯಿ ಸೇರುತ್ತದೆ. ಬ್ಯಾಂಕೇ ಗೆದ್ದಿತು, ಅದೂ 400 ರೂಪಾಯಿಗೂ ಮೇಲೆ. 2,000 ದಿರ್ಹಂ ಆದರೆ 47,258 ಮತ್ತು 47,400. ಈಗಲೂ ಬ್ಯಾಂಕೇ, ಆದರೆ ಅಂತರ ಕರಗಿದೆ. 5,000ಕ್ಕೆ ಬಂದಾಗ ತಕ್ಕಡಿ ತಿರುಗುತ್ತದೆ: ಎಕ್ಸ್‌ಚೇಂಜಿನಲ್ಲಿ 1,18,898, ಬ್ಯಾಂಕಿನಲ್ಲಿ 1,18,500. 10,000 ಕಳಿಸಿದರೆ ಎಕ್ಸ್‌ಚೇಂಜಿನಲ್ಲಿ ಸುಮಾರು 1,300 ರೂಪಾಯಿ ಹೆಚ್ಚು ಸಿಗುತ್ತದೆ.

ತಕ್ಕಡಿ ತಿರುಗುವ ಮೊತ್ತ ಹುಡುಕಲು ಸುಲಭದ ಸೂತ್ರವಿದೆ. ವ್ಯಾಟ್ ಸೇರಿದ ಚಾರ್ಜನ್ನು ಚಾರ್ಜ್ ಇರುವವರ ರೇಟಿನಿಂದ ಗುಣಿಸಿ, ಎರಡು ರೇಟುಗಳ ವ್ಯತ್ಯಾಸದಿಂದ ಭಾಗಿಸಿ. ಇಲ್ಲಿ 21 × 23.88 ÷ 0.18, ಅಂದರೆ ಸುಮಾರು 2,786 ದಿರ್ಹಂ. ಅದಕ್ಕಿಂತ ಕಡಿಮೆ ಕಳಿಸುವಾಗ ಚಾರ್ಜ್ ಇಲ್ಲದ ದಾರಿ, ಹೆಚ್ಚು ಕಳಿಸುವಾಗ ರೇಟ್ ಒಳ್ಳೆಯದಿರುವ ದಾರಿ. ರೂಮಿನಲ್ಲಿರುವ ನಾಲ್ವರಲ್ಲಿ ಒಬ್ಬರಿಗೆ ಲಾಭವಾದ ದಾರಿಯಲ್ಲಿ ಇನ್ನೊಬ್ಬರಿಗೆ ನಷ್ಟವಾಗುವುದು ಇದರಿಂದಲೇ. ‘ಎಲ್ಲರೂ ಅಲ್ಲೇ ಕಳಿಸುತ್ತಾರೆ’ ಎಂಬ ಮಾತು ನಿಮ್ಮ ಮೊತ್ತಕ್ಕೆ ಹೊಂದದೆ ಇರಬಹುದು.

ಇನ್ನೊಂದು ಸೋರಿಕೆ ಇದಕ್ಕಿಂತ ದೊಡ್ಡದು. ತಿಂಗಳಿಗೆ 4,000 ದಿರ್ಹಂ ಕಳಿಸುವವರು ವಾರಕ್ಕೆ ಒಂದು ಸಾವಿರದಂತೆ ನಾಲ್ಕು ಸಲ ಕಳಿಸಿದರೆ ಚಾರ್ಜ್ 84 ದಿರ್ಹಂ. ಒಂದೇ ಸಲ ಕಳಿಸಿದರೆ 21. ಉಳಿಯುವ 63 ದಿರ್ಹಂ ಎಂದರೆ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 18,000. ರೇಟಿನಲ್ಲಿ ಎರಡು ಪೈಸೆ ಹೆಚ್ಚು ಸಿಗಲೆಂದು ಬಿಸಿಲಲ್ಲಿ ಮೂರು ಅಂಗಡಿ ಸುತ್ತಿದರೂ ಇಷ್ಟು ಉಳಿಯುವುದಿಲ್ಲ: 4,000 ದಿರ್ಹಮಿಗೆ ಎರಡು ಪೈಸೆ ಎಂದರೆ 80 ರೂಪಾಯಿ.

ರಶೀದಿಯನ್ನು ಓದುವುದು

ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಒಂದೇ ದೇಶದ ಬಾವುಟದ ಮುಂದೆ ಎರಡು ಮೂರು ಅಂಕಿಗಳಿರುತ್ತವೆ. ನೋಟು ಕೊಳ್ಳುವ ರೇಟ್, ನೋಟು ಮಾರುವ ರೇಟ್, ಖಾತೆಗೆ ಕಳಿಸುವ ರೇಟ್. ನಿಮಗೆ ಬೇಕಾದದ್ದು ಕೊನೆಯದು. ಅದಕ್ಕೆ ಟಿಟಿ ಎಂದು ಬರೆದಿರುತ್ತಾರೆ.

ಹಣ ಕೊಡುವ ಮೊದಲು ಕೌಂಟರಿನವರು ಮಾಹಿತಿಯನ್ನು ಪರದೆಯಲ್ಲೋ ಕಾಗದದಲ್ಲೋ ತೋರಿಸಿ ಸಹಿ ಕೇಳುತ್ತಾರೆ. ಸಾಲು ಉದ್ದವಿದ್ದರೂ ಆ ಅರ್ಧ ನಿಮಿಷ ಬಿಟ್ಟುಕೊಡಬೇಡಿ. ಮೇಲಿನಿಂದ ಕೆಳಗೆ ನೋಡಬೇಕಾದದ್ದು ಇವು. ಪಡೆಯುವವರ ಹೆಸರು ಪಾಸ್‌ಬುಕ್ಕಿನಲ್ಲಿ ಇರುವಂತೆಯೇ ಇದೆಯೇ? ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇದ್ದು ಬ್ಯಾಂಕಿನಲ್ಲಿ ಒಂದಕ್ಷರದ ಇನಿಶಿಯಲ್ ಮಾತ್ರ ಇರುವುದು ನಮ್ಮ ಕಡೆ ಸಾಮಾನ್ಯ. ಆಮೇಲೆ ಖಾತೆ ಸಂಖ್ಯೆ. ಕೊನೆಯ ನಾಲ್ಕು ಅಂಕಿ ಮಾತ್ರ ನೋಡಿ ತಲೆಯಾಡಿಸಬೇಡಿ, ಪೂರ್ತಿ ಓದಿ. ಬಳಿಕ ಐಎಫ್‌ಎಸ್‌ಸಿ, ಅಂದರೆ ಊರಿನ ಬ್ಯಾಂಕ್ ಶಾಖೆಯ ಸಂಕೇತ. ಅದರಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ ‘ಓ’ ಅಲ್ಲ. ಆ್ಯಪಿನಲ್ಲಿ ತಾವೇ ಟೈಪ್ ಮಾಡುವವರು ಎಡವುವುದು ಹೆಚ್ಚಾಗಿ ಈ ಐದನೇ ಮನೆಯಲ್ಲಿ.

ಕೆಳಗೆ ರೇಟ್. ಕೆಲವು ರಶೀದಿಗಳಲ್ಲಿ ಅದನ್ನು ತಿರುಗಿಸಿ 0.041876 ಎಂದು ಬರೆದಿರುತ್ತಾರೆ. ಒಂದನ್ನು ಅದರಿಂದ ಭಾಗಿಸಿದರೆ 23.88 ಬರುತ್ತದೆ. ಫೋನಿನ ಕ್ಯಾಲ್ಕ್ಯುಲೇಟರಿನಲ್ಲಿ ಅಲ್ಲೇ ಮಾಡಿ ನೋಡಿ. ಆಮೇಲೆ ಚಾರ್ಜ್ ಮತ್ತು ವ್ಯಾಟ್. ವ್ಯಾಟ್ ಬೀಳುವುದು ಚಾರ್ಜಿನ ಮೇಲೆ ಮಾತ್ರ, ಕಳಿಸುವ ಹಣದ ಮೇಲಲ್ಲ. 20 ದಿರ್ಹಂ ಚಾರ್ಜಿಗೆ ಒಂದು ದಿರ್ಹಂ, ಅಷ್ಟೇ. ಸೌದಿಯಲ್ಲಿ ಇದು ಶೇ 15, ಬಹರೇನಿನಲ್ಲಿ ಶೇ 10, ಒಮಾನಿನಲ್ಲಿ ಶೇ 5. ಕೊನೆಯಲ್ಲಿ ಊರಿಗೆ ಸೇರುವ ರೂಪಾಯಿ. ಹೋಲಿಸಬೇಕಾದದ್ದು ಈ ಒಂದೇ ಅಂಕಿಯನ್ನು.

ದಾರಿಗಳು

ಎಕ್ಸ್‌ಚೇಂಜ್ ಮತ್ತು ಅವರದೇ ಆ್ಯಪ್: ದಿನಗೂಲಿ, ತಿಂಗಳ ಸಂಬಳ ಎರಡಕ್ಕೂ ಹೆಚ್ಚಿನ ಜನ ಬಳಸುವ ದಾರಿ. ಎಮಿರೇಟ್ಸ್ ಐಡಿ ಇದ್ದರೆ ಸಾಕು. ಚಾರ್ಜ್ ಸಾಮಾನ್ಯವಾಗಿ 15ರಿಂದ 25 ದಿರ್ಹಮಿನ ನಡುವೆ. ಕೌಂಟರಿಗಿಂತ ಅದೇ ಕಂಪನಿಯ ಆ್ಯಪಿನಲ್ಲಿ ಚಾರ್ಜ್ ಕಡಿಮೆ ಇರುವುದುಂಟು, ಎರಡನ್ನೂ ನೋಡಿ.

ಇವರ ಮೂಲಕ ಹಣ ಬರುವ ಬಗೆಯಲ್ಲಿ ಒಂದು ಅನುಕೂಲವಿದೆ, ಅದನ್ನು ಯಾರೂ ಹೇಳುವುದಿಲ್ಲ. ಗಲ್ಫಿನ ಎಕ್ಸ್‌ಚೇಂಜುಗಳು ಭಾರತದ ಬ್ಯಾಂಕುಗಳಲ್ಲಿ ರೂಪಾಯಿ ಖಾತೆ ಇಟ್ಟಿರುತ್ತವೆ. ರುಪೀ ಡ್ರಾಯಿಂಗ್ ಅರೇಂಜ್‌ಮೆಂಟ್ ಎಂದು ಇದರ ಹೆಸರು. ನೀವು ಇಲ್ಲಿ ದಿರ್ಹಂ ಕೊಟ್ಟರೆ ಅಲ್ಲಿನ ಆ ರೂಪಾಯಿ ಖಾತೆಯಿಂದ ಐಎಂಪಿಎಸ್ ಅಥವಾ ನೆಫ್ಟ್ ಮೂಲಕ ನಿಮ್ಮ ಖಾತೆಗೆ ಜಮಾ ಆಗುತ್ತದೆ. ಹಣ ರೂಪಾಯಿಯಾಗಿಯೇ ಬರುವುದರಿಂದ ಊರಿನ ಬ್ಯಾಂಕ್ ಅದನ್ನು ಮತ್ತೆ ಪರಿವರ್ತನೆ ಮಾಡುವುದಿಲ್ಲ, ಆ ಲೆಕ್ಕದ ಜಿಎಸ್‌ಟಿಯೂ ಬೀಳುವುದಿಲ್ಲ. ಸ್ವಂತ ಹಣಕ್ಕೆ, ಮನೆ ಖರ್ಚಿಗೆ ಕಳಿಸುವಾಗ ಇದಕ್ಕೆ ಮೊತ್ತದ ಮಿತಿಯಿಲ್ಲ. ರಶೀದಿಯಲ್ಲಿ ಬರೆದ ರೂಪಾಯಿಯೇ ಪಾಸ್‌ಬುಕ್ಕಿನಲ್ಲಿ ಕಾಣಬೇಕು. ಕಡಿಮೆ ಬಂದಿದ್ದರೆ ಕೇಳಿ.

ಬ್ಯಾಂಕಿನ ಆ್ಯಪ್: ಸಂಬಳ ಬ್ಯಾಂಕ್ ಖಾತೆಗೇ ಬರುವವರಿಗೆ ಇದು ಕೂತಲ್ಲೇ ಆಗುವ ಕೆಲಸ. ಭಾರತಕ್ಕೆ ನಿಮಿಷಗಳಲ್ಲಿ ಕಳಿಸುವ ವಿಶೇಷ ಸೇವೆಯನ್ನು ಹಲವು ಬ್ಯಾಂಕುಗಳು ಇಟ್ಟಿವೆ. ಇದಕ್ಕೂ ಅದೇ ಆ್ಯಪಿನಲ್ಲಿರುವ ಸಾಮಾನ್ಯ ಅಂತರರಾಷ್ಟ್ರೀಯ ವರ್ಗಾವಣೆಗೂ ಬಹಳ ವ್ಯತ್ಯಾಸವಿದೆ. ಎರಡನೆಯದು ಸ್ವಿಫ್ಟ್, ಅಂದರೆ ಮಧ್ಯವರ್ತಿ ಬ್ಯಾಂಕುಗಳನ್ನು ದಾಟಿ ಹೋಗುವ ದಾರಿ. ಮೆನುವಿನಲ್ಲಿ ಒಂದು ಸಾಲು ಮೇಲೆ ಕೆಳಗೆ ಒತ್ತಿದರೆ ನೂರು ದಿರ್ಹಂ ಹೋಗಬಹುದು. ಖಾತೆಯಲ್ಲಿ ಇರಲೇಬೇಕಾದ ಕನಿಷ್ಠ ಮೊತ್ತವನ್ನೂ ಆಗಾಗ ನೋಡಿಕೊಳ್ಳಿ. ಅನೇಕ ಬ್ಯಾಂಕುಗಳಲ್ಲಿ 3,000 ದಿರ್ಹಂ ಇರಬೇಕೆಂಬ ನಿಯಮವಿದ್ದು, ಅದಕ್ಕಿಂತ ಕೆಳಗಿಳಿದ ತಿಂಗಳು 25 ದಿರ್ಹಂ ಮತ್ತು ವ್ಯಾಟ್ ಕಟ್ ಆಗುತ್ತದೆ. ಇದ್ದದ್ದನ್ನೆಲ್ಲ ಊರಿಗೆ ಕಳಿಸಿ ಖಾತೆ ಬರಿದು ಮಾಡುವವರಿಗೆ ವರ್ಷಕ್ಕೆ 300 ದಿರ್ಹಮಿಗೂ ಮೀರಿ ಹೋಗುವುದು ಹೀಗೆ. ಸಂಬಳದ ಖಾತೆ ಎಂದು ತೆರೆಸಿದರೆ ಈ ನಿಯಮದಿಂದ ಬಿಡುಗಡೆ ಕೊಡುವ ಬ್ಯಾಂಕುಗಳಿವೆ. ಕೆಲಸ ಬದಲಿಸಿದಾಗ ಆ ಬಿಡುಗಡೆ ನಿಂತುಹೋಗುತ್ತದೆ.

ಹಣ ಕಳಿಸುವ ಪ್ರತ್ಯೇಕ ಆ್ಯಪುಗಳು: ರೇಟ್ ಅಸಲಿಗೆ ಹತ್ತಿರ, ಚಾರ್ಜ್ ಕಣ್ಣಿಗೆ ಕಾಣುವಂತೆ. ಆದರೆ ಮೊದಲ ಸಲ ತೋರಿಸುವ ರೇಟ್ ಹೊಸಬರಿಗೆ ಮಾತ್ರ ಕೊಡುವ ರೇಟ್ ಆಗಿರಬಹುದು. ಎರಡನೇ ಸಲ ಕಳಿಸುವಾಗ ಲೆಕ್ಕ ಮತ್ತೆ ಹಾಕಿ. ಆ್ಯಪಿಗೆ ಹಣ ತುಂಬಲು ಕ್ರೆಡಿಟ್ ಕಾರ್ಡನ್ನು ಕೊಡಬೇಡಿ. ಅದನ್ನು ಬ್ಯಾಂಕ್ ನಗದು ತೆಗೆದ ಹಾಗೆ ಲೆಕ್ಕ ಹಿಡಿದು, ಬೇರೆ ಚಾರ್ಜ್ ಹಾಕಿ, ಅವತ್ತಿನಿಂದಲೇ ಬಡ್ಡಿ ಎಣಿಸಬಹುದು.

ಸ್ವಿಫ್ಟ್: ತಿಂಗಳ ಖರ್ಚಿಗೆ ಕಳಿಸಲು ಇದು ದುಬಾರಿ. ಮೊದಲು ದಿರ್ಹಂ ಡಾಲರಾಗುವಾಗ ಬ್ಯಾಂಕಿನ ಪಾಲು, ಆಮೇಲೆ ಕಳಿಸುವ ಚಾರ್ಜ್, ನಡುವೆ ಸಿಗುವ ಮಧ್ಯವರ್ತಿ ಬ್ಯಾಂಕಿನ ಕಡಿತ, ಊರಿನ ಬ್ಯಾಂಕ್ ತನ್ನ ರೇಟಿನಲ್ಲಿ ರೂಪಾಯಿ ಮಾಡುವುದು, ಅದರ ಮೇಲೆ ಜಿಎಸ್‌ಟಿ. ಈ ಜಿಎಸ್‌ಟಿಯ ಲೆಕ್ಕ ಹೀಗೆ: ಒಂದು ಲಕ್ಷದವರೆಗೆ ಮೊತ್ತದ ಶೇ 1ರಷ್ಟನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆ ಎಂದು ಹಿಡಿದು ಅದಕ್ಕೆ ಶೇ 18. ಅಂದರೆ ಒಂದು ಲಕ್ಷಕ್ಕೆ 180 ರೂಪಾಯಿ. ಲಕ್ಷದಿಂದ ಹತ್ತು ಲಕ್ಷದವರೆಗೆ ಮೇಲಿನ ಮೊತ್ತಕ್ಕೆ ಶೇ 0.5ರಂತೆ ಬೆಲೆ ಕಟ್ಟುವುದರಿಂದ 5 ಲಕ್ಷಕ್ಕೆ 540 ರೂಪಾಯಿ ಬೀಳುತ್ತದೆ. ಕಳಿಸುವಾಗ ಚಾರ್ಜ್ ಯಾರದು ಎಂಬ ಕಡೆ ‘ಅವರ್’ (OUR), ‘ಶಾ’ (SHA), ‘ಬೆನ್’ (BEN) ಎಂಬ ಮೂರು ಆಯ್ಕೆಗಳಿರುತ್ತವೆ. ‘ಅವರ್’ ಎಂದರೆ ಎಲ್ಲ ಖರ್ಚೂ ಕಳಿಸುವವರದ್ದು, ‘ಶಾ’ ಎಂದರೆ ಹಂಚಿಕೆ, ‘ಬೆನ್’ ಎಂದರೆ ಎಲ್ಲವೂ ಬರುವ ಹಣದಿಂದಲೇ ಕಡಿತ. ಇಷ್ಟೇ ಮೊತ್ತ ಸೇರಬೇಕು ಎಂದಿದ್ದಾಗ ‘ಅವರ್’ ಹಾಕಿ. ಸ್ವಿಫ್ಟ್ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಎಫ್‌ಸಿಎನ್‌ಆರ್, ಅಂದರೆ ಹೊರದೇಶದಲ್ಲಿರುವವರು ಊರಿನ ಬ್ಯಾಂಕಿನಲ್ಲಿ ಇಡುವ ವಿದೇಶಿ ನಾಣ್ಯದ ಠೇವಣಿ, ಇಡುವಾಗ. ಅಲ್ಲಿ ಹಣ ಡಾಲರಿನಂಥ ವಿದೇಶಿ ನಾಣ್ಯವಾಗಿಯೇ ಇರಬೇಕು.

ಊರಿನಲ್ಲಿ ನಗದಾಗಿ ಪಡೆಯುವುದು: ವೆಸ್ಟರ್ನ್ ಯೂನಿಯನ್, ಮನಿಗ್ರಾಮ್ ಮೂಲಕ ಬರುವ ಈ ಹಣಕ್ಕೆ ಒಂದು ಸಲಕ್ಕೆ 2,500 ಡಾಲರ್, ಒಬ್ಬರಿಗೆ ವರ್ಷಕ್ಕೆ 30 ಸಲ ಎಂಬ ಮಿತಿಯಿದೆ. ಕೈಗೆ ನಗದು ಸಿಗುವುದು 50,000 ರೂಪಾಯಿವರೆಗೆ. ಬ್ಯಾಂಕ್ ದೂರವಿರುವ ಮನೆಯಲ್ಲಿ ಆಸ್ಪತ್ರೆಗೆ ತುರ್ತಾಗಿ ಬೇಕಾದಾಗ ಒಳ್ಳೆಯದು, ದಿನನಿತ್ಯಕ್ಕೆ ಬೇಡ.

ಕಾರ್ಡ್: ರಜೆಗೆ ಬಂದಾಗ ಯುಎಇ ಕಾರ್ಡಿನಿಂದ ಮಂಗಳೂರಿನ ಎಟಿಎಂನಲ್ಲಿ ತೆಗೆಯುವುದು, ಹೊಸದಾಗಿ ಹೋದವರು ಊರಿನ ಕಾರ್ಡನ್ನು ದುಬೈನಲ್ಲಿ ಉಜ್ಜುವುದು, ಎರಡೂ ನಷ್ಟ. ಊರಿನ ಅನೇಕ ಕಾರ್ಡುಗಳಿಗೆ ಹೊರದೇಶದ ಖರ್ಚಿನ ಮೇಲೆ ಶೇ 3.5 ಮಾರ್ಕಪ್, ಅದಕ್ಕೆ ಶೇ 18 ಜಿಎಸ್‌ಟಿ, ಒಟ್ಟು ಶೇ 4.13. ಸಾವಿರ ರೂಪಾಯಿಗೆ 41 ರೂಪಾಯಿ. ಎಟಿಎಂ ಅಥವಾ ಅಂಗಡಿಯ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಕಟ್ ಮಾಡಲೇ?’ ಎಂದು ಕೇಳಿದರೆ ಬೇಡ ಎನ್ನಿ. ನಿಂತ ಊರಿನ ನಾಣ್ಯವನ್ನೇ ಆರಿಸಿ. ಹೂಂ ಎಂದರೆ ಯಂತ್ರದವರು ತಮ್ಮ ರೇಟನ್ನು ಹಾಕುತ್ತಾರೆ.

ಕೈಯಲ್ಲಿ ನೋಟು ತರುವುದು: ವಿಮಾನ ನಿಲ್ದಾಣದಲ್ಲಿ ನೋಟು ಕೊಳ್ಳುವ ರೇಟ್ ತೀರಾ ಕಡಿಮೆ. ಟ್ಯಾಕ್ಸಿ, ಊಟಕ್ಕೆ ಬೇಕಾದಷ್ಟು ಸಾಕು. ಯುಎಇಯಿಂದ ಹೊರಡುವಾಗ 60,000 ದಿರ್ಹಮಿಗಿಂತ ಹೆಚ್ಚಿದ್ದರೆ ಘೋಷಿಸಬೇಕು. ಭಾರತಕ್ಕೆ ಇಳಿಯುವಾಗ ವಿದೇಶಿ ನೋಟುಗಳು 5,000 ಡಾಲರ್ ಬೆಲೆಯನ್ನು ಮೀರಿದರೆ, ಅಥವಾ ಟ್ರಾವೆಲರ್ಸ್ ಚೆಕ್ ಎಲ್ಲ ಸೇರಿ 10,000 ಡಾಲರ್ ಮೀರಿದರೆ, ಕಸ್ಟಮ್ಸಿಗೆ ಘೋಷಣೆ ಬರೆದುಕೊಡಬೇಕು.

ಹವಾಲಾ ಬಗ್ಗೆ ನೇರವಾಗಿ ಹೇಳಬೇಕು. ‘ಎಕ್ಸ್‌ಚೇಂಜಿಗಿಂತ 30 ಪೈಸೆ ಜಾಸ್ತಿ, ಮನೆ ಬಾಗಿಲಿಗೇ ತಂದುಕೊಡುತ್ತಾರೆ’ ಎಂಬ ಮಾತಿಗೆ ಒಳ್ಳೆಯ ಮನೆಯವರೂ ಮರುಳಾಗುತ್ತಾರೆ. ಇದು ಭಾರತದ ವಿದೇಶಿ ವಿನಿಮಯ ಕಾನೂನಾದ ಫೆಮಾದ ಉಲ್ಲಂಘನೆ, ದಂಡ ಮೊತ್ತದ ಮೂರು ಪಟ್ಟಿನವರೆಗೆ. ಅದಕ್ಕಿಂತ ಹತ್ತಿರದ ಅಪಾಯ ಬೇರೆ. ಹವಾಲಾದವರು ತಾಯಿಯ ಖಾತೆಗೆ ಹಾಕುವ ಹಣ ಎಲ್ಲಿಂದ ಬಂದದ್ದೋ ಯಾರಿಗೆ ಗೊತ್ತು? ಯಾರನ್ನೋ ಆನ್‌ಲೈನಿನಲ್ಲಿ ಮೋಸ ಮಾಡಿದ ದುಡ್ಡಾದರೆ ಪೊಲೀಸರು ಆ ಜಾಡು ಹಿಡಿದು ತಾಯಿಯ ಖಾತೆಯನ್ನೇ ನಿಲ್ಲಿಸುತ್ತಾರೆ. ಮುಂದೆ ಮನೆ ಕಟ್ಟುವಾಗ ‘ಹಣ ಎಲ್ಲಿಂದ ಬಂತು’ ಎಂದು ಕೇಳಿದರೆ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಊರಿನಲ್ಲಿ ಯಾವ ಖಾತೆ?

ಇಲ್ಲಿ ಉಳಿಯುವ ಹಣ ರೇಟಿನಲ್ಲಿ ಉಳಿಯುವುದಕ್ಕಿಂತ ಹೆಚ್ಚು, ಆದರೂ ಗಮನ ಕೊಡುವವರು ಕಡಿಮೆ. ಕೆಲಸಕ್ಕೆಂದು ಹೊರದೇಶಕ್ಕೆ ಹೋದವರು ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಬಳಸುವಂತಿಲ್ಲ. ಅದನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿರುವವರ ಊರಿನ ಆದಾಯಕ್ಕೆಂದಿರುವ ಖಾತೆಯಾಗಿ ಬದಲಿಸಿಕೊಳ್ಳಬೇಕು. ಹೊರಗಿನ ಸಂಪಾದನೆಗೆ ಎನ್‌ಆರ್‌ಇ ಖಾತೆ ಬೇರೆಯೇ ತೆರೆಯಬೇಕು.

ಎನ್‌ಆರ್‌ಇ ಇರುವುದು ಮುಖ್ಯವಾಗಿ ಹೊರದೇಶದ ಹಣಕ್ಕೆ. ಊರಿನ ಮನೆ ಬಾಡಿಗೆ, ತೋಟದ ಅಡಿಕೆ ಮಾರಿದ ದುಡ್ಡು, ಕೌಂಟರಿನಲ್ಲಿ ಕಟ್ಟುವ ರೂಪಾಯಿ ನಗದು ಇದಕ್ಕೆ ನೇರವಾಗಿ ಬರುವಂತಿಲ್ಲ, ಅವು ಎನ್‌ಆರ್‌ಒಗೆ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆಯಿಲ್ಲ. ಅಸಲು, ಬಡ್ಡಿ ಎರಡನ್ನೂ ಯಾವಾಗ ಬೇಕಾದರೂ ಹೊರಗೆ ಒಯ್ಯಬಹುದು. ಎನ್‌ಆರ್‌ಒ ಬಡ್ಡಿಯಲ್ಲಿ ಮೂಲದಲ್ಲೇ ಶೇ 30 ಮತ್ತು ಸೆಸ್ ಸೇರಿ ಶೇ 31.2 ಕಡಿತವಾಗುತ್ತದೆ. ಯುಎಇಯ ತೆರಿಗೆ ನಿವಾಸಿ ಪ್ರಮಾಣಪತ್ರ ಕೊಟ್ಟರೆ ಎರಡು ದೇಶಗಳ ಒಪ್ಪಂದದಂತೆ ಶೇ 12.5ಕ್ಕೆ ಇಳಿಸಿಕೊಳ್ಳಬಹುದು. ಎನ್‌ಆರ್‌ಒದಿಂದ ಹಣ ಹೊರಗೆ ಒಯ್ಯಲು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ, ಜೊತೆಗೆ ಲೆಕ್ಕಪರಿಶೋಧಕರ ಕಾಗದಪತ್ರದ ಕೆಲಸ. ಐದು ಲಕ್ಷದ ಠೇವಣಿಗೆ ವರ್ಷಕ್ಕೆ 35,000 ರೂಪಾಯಿ ಬಡ್ಡಿ ಬಂದರೆ ಎನ್‌ಆರ್‌ಇಯಲ್ಲಿ ಪೂರ್ತಿ ನಿಮ್ಮದು. ಎನ್‌ಆರ್‌ಒದಲ್ಲಿ 10,920 ರೂಪಾಯಿ ಮೊದಲೇ ಹೋಗುತ್ತದೆ. ಎನ್‌ಆರ್‌ಇ ಠೇವಣಿಯನ್ನು ಒಂದು ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, ಆದ್ದರಿಂದ ತುರ್ತಿಗೆ ಬೇಕಾಗುವ ಹಣವನ್ನು ಠೇವಣಿಗೆ ಹಾಕಬೇಡಿ.

ನಮ್ಮ ಶಿಫಾರಸು ಹೀಗಿದೆ. ಹೆಂಡತಿಗೆ ಒಂದಿಷ್ಟು, ತಾಯಿಗೆ ಒಂದಿಷ್ಟು, ಸೊಸೈಟಿಯ ಸಾಲಕ್ಕೆ, ಚೀಟಿ ಫಂಡಿಗೆ ಎಂದು ನಾಲ್ಕು ಕಡೆ ಎಕ್ಸ್‌ಚೇಂಜಿನಿಂದಲೇ ಕಳಿಸಬೇಡಿ. ತಿಂಗಳಿಗೆ ಒಮ್ಮೆ ಪೂರ್ತಿ ಮೊತ್ತವನ್ನು ನಿಮ್ಮ ಎನ್‌ಆರ್‌ಇ ಖಾತೆಗೆ ಹಾಕಿ. ಅಲ್ಲಿಂದ ರೂಪಾಯಿಯಲ್ಲಿ ಹಂಚಿ. ಉಳಿತಾಯ ಖಾತೆಯವರಿಗೆ ಆನ್‌ಲೈನ್ ನೆಫ್ಟ್ 2020ರ ಜನವರಿಯಿಂದ ಉಚಿತ. ಯುಎಇ ಸಿಮ್ ನಂಬರಿಗೇ ಯುಪಿಐ ಜೋಡಿಸುವ ಅವಕಾಶವನ್ನು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ 2023ರಲ್ಲಿ ಕೊಟ್ಟಿದೆ. ಸೌದಿ, ಒಮಾನ್, ಕತಾರ್ ಕೂಡ ಆ ಪಟ್ಟಿಯಲ್ಲಿವೆ. ನಿಮ್ಮ ಬ್ಯಾಂಕ್ ಅದನ್ನು ಒದಗಿಸುತ್ತದೆಯೇ ಎಂದು ಕೇಳಿ. ಆನ್‌ಲೈನ್ ಬೇಡ ಎನ್ನುವ ಮನೆಯಾದರೆ ಊರಿನಲ್ಲಿರುವ ಹತ್ತಿರದ ಸಂಬಂಧಿಯನ್ನು ಖಾತೆಗೆ ಪವರ್ ಆಫ್ ಅಟಾರ್ನಿ ಮೂಲಕ ಸೇರಿಸಬಹುದು. ಅವರು ಊರಿನ ಖರ್ಚಿಗೆ ಚೆಕ್ ಬರೆಯಬಹುದು.

ತಾಯಿ, ಹೆಂಡತಿ, ಅಣ್ಣ ತಮ್ಮಂದಿರ ಖಾತೆಗೆ ಬಂದ ಹಣಕ್ಕೆ ತೆರಿಗೆ ಬೀಳುವುದಿಲ್ಲ. ಆದರೆ ಹೆಂಡತಿ ಅದನ್ನು ಠೇವಣಿ ಇಟ್ಟರೆ ಅದರ ಬಡ್ಡಿ ನಿಮ್ಮ ಆದಾಯವೆಂದು ಲೆಕ್ಕವಾಗುತ್ತದೆ. ಉಳಿಸುವ ಹಣ ನಿಮ್ಮದೇ ಎನ್‌ಆರ್‌ಇಯಲ್ಲಿ ಇರಲಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಎಲ್ಲಿ ಎಡವಟ್ಟಾಗುತ್ತದೆ

ಕರಾವಳಿಯವರಿಗೆ ಬಹಳ ತೊಂದರೆ ಕೊಟ್ಟದ್ದು ಬ್ಯಾಂಕುಗಳ ವಿಲೀನ. ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, 2020ರ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದವು. ಹಳೆಯ ಐಎಫ್‌ಎಸ್‌ಸಿಗಳು ಆಮೇಲೆ ರದ್ದಾದವು. ಎಕ್ಸ್‌ಚೇಂಜಿನ ಕಂಪ್ಯೂಟರಿನಲ್ಲಿ ಹತ್ತು ವರ್ಷದ ಹಿಂದೆ ಉಳಿಸಿಟ್ಟ ಅಪ್ಪನ ಖಾತೆಯ ವಿವರ ‘ಎಸ್‌ವೈಎನ್‌ಬಿ’, ‘ಸಿಓಆರ್‌ಪಿ’ ಅಥವಾ ‘ವಿಐಜೆಬಿ’ ಎಂದು ಶುರುವಾಗುತ್ತಿದ್ದರೆ ಅದನ್ನು ಅಳಿಸಿ ಹೊಸ ಪಾಸ್‌ಬುಕ್ ನೋಡಿ ಬರೆಸಿ. ಕೆಲವು ವರ್ಷ ಕಳಿಸದೆ ಇದ್ದು ಮತ್ತೆ ಶುರುಮಾಡುವವರು ಇದನ್ನು ಖಂಡಿತ ನೋಡಬೇಕು.

ಹಣ ತಿರುಗಿ ಬಂದರೆ ನಷ್ಟ ಎರಡು ಬಾರಿ. ಹೋಗುವಾಗ ದಿರ್ಹಂ ರೂಪಾಯಿಯಾಗಿದೆ. ವಾಪಸ್ ಬರುವಾಗ ಆ ರೂಪಾಯಿಯನ್ನು ಎಕ್ಸ್‌ಚೇಂಜ್ ಅವತ್ತಿನ ತನ್ನ ಕೊಳ್ಳುವ ರೇಟಿನಲ್ಲಿ ದಿರ್ಹಂ ಮಾಡಿ ಕೊಡಬಹುದು, ಚಾರ್ಜ್ ಹಿಂತಿರುಗುವುದಿಲ್ಲ. ಹೊಸ ಖಾತೆಗೆ ಮೊದಲ ಸಲ ಕಳಿಸುವಾಗ ದೊಡ್ಡ ಮೊತ್ತ ಹಾಕದೆ ಸಣ್ಣದನ್ನು ಕಳಿಸಿ ನೋಡಿ. 21 ದಿರ್ಹಂ ಹೋದರೂ ಚಿಂತೆಯಿಲ್ಲ.

ಉದ್ದೇಶ ಎಂಬ ಕಡೆ ಕುಟುಂಬ ನಿರ್ವಹಣೆ ಎಂದೇ ಹಾಕಿ, ಅದರ ಸಂಕೇತ ಪಿ1301. ಕೌಂಟರಿನವರು ಅವಸರದಲ್ಲಿ ವ್ಯಾಪಾರದ್ದೊಂದನ್ನು ಒತ್ತಿಬಿಟ್ಟರೆ ಊರಿನ ಬ್ಯಾಂಕ್ ಬಿಲ್ಲು ಕೇಳಿ ಹಣ ತಡೆದಿಡಬಹುದು.

ಜಮಾ ಆಗದಿದ್ದರೆ ‘ಕಳಿಸಿದ್ದೇವೆ’ ಎಂಬ ಮಾತಿಗೆ ನಿಲ್ಲಬೇಡಿ. ಯುಟಿಆರ್, ಅಂದರೆ ಆ ವರ್ಗಾವಣೆಯ ಗುರುತಿನ ಸಂಖ್ಯೆ ಕೇಳಿ. ನೆಫ್ಟ್ ಆದರೆ 16 ಅಕ್ಷರ, ಐಎಂಪಿಎಸ್ ಆದರೆ 12 ಅಂಕಿಯ ಸಂಖ್ಯೆ. ಅದನ್ನು ತೋರಿಸಿದರೆ ಊರಿನ ಶಾಖೆಯವರು ಹುಡುಕಬಲ್ಲರು, ಬರೀ ಎಕ್ಸ್‌ಚೇಂಜ್ ರಶೀದಿ ಸಂಖ್ಯೆಯಿಂದ ಅವರಿಗೆ ಏನೂ ಸಿಗುವುದಿಲ್ಲ. ಭಾರತದ ಬ್ಯಾಂಕಿಗೆ ಬರೆದು ಕೊಟ್ಟ ದೂರಿಗೆ 30 ದಿನದಲ್ಲಿ ಉತ್ತರ ಬಾರದಿದ್ದರೆ ದೂರು ಪರಿಹರಿಸಲು ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448. ಯುಎಇ ಬ್ಯಾಂಕಿನ ಮೇಲಿನ ದೂರಿಗೆ ಅಲ್ಲಿನ ಸನದಕ್ ಎಂಬ ಘಟಕವಿದೆ.

ಎಕ್ಸ್‌ಚೇಂಜಿನ ಸಂಬಳದ ಕಾರ್ಡಿನಲ್ಲೋ ವಾಲೆಟ್ಟಿನಲ್ಲೋ ಹಣ ಕೂಡಿಡಬೇಡಿ. 2020ರ ಮಾರ್ಚಿನಲ್ಲಿ ಯುಎಇ ಎಕ್ಸ್‌ಚೇಂಜ್ ಹೊಸ ವಹಿವಾಟು ನಿಲ್ಲಿಸಿ, ಕೇಂದ್ರ ಬ್ಯಾಂಕ್ ಅದರ ಉಸ್ತುವಾರಿ ವಹಿಸಿಕೊಂಡದ್ದು ನಮ್ಮ ಕಡೆಯ ಎಷ್ಟೋ ಮನೆಗಳಿಗೆ ನೆನಪಿದೆ. ಎಕ್ಸ್‌ಚೇಂಜ್ ಇರುವುದು ಕಳಿಸುವುದಕ್ಕೆ, ಇಡುವುದಕ್ಕೆ ಬ್ಯಾಂಕ್ ಇದೆ.

ರೇಟ್ ಏರುವವರೆಗೆ ಕಾಯಬೇಕೇ?

ಬೇಡ, ಸಾಲ ಇರುವವರಂತೂ ಖಂಡಿತ ಬೇಡ. 3,000 ದಿರ್ಹಮಿಗೆ ಹತ್ತು ಪೈಸೆ ಏರಿದರೆ ಸಿಗುವುದು 300 ರೂಪಾಯಿ. ಅಷ್ಟರಲ್ಲಿ ಊರಿನ ಚಿನ್ನದ ಸಾಲದ ಬಡ್ಡಿಯೂ ಏರುತ್ತದೆ, ಕಂತು ತಪ್ಪಿದರೆ ದಂಡ ಬೇರೆ. ಸಾಲವಿಲ್ಲದವರು ತಿಂಗಳಿಗೊಮ್ಮೆ ಗೊತ್ತಾದ ದಿನ ಕಳಿಸಿದರೆ ವರ್ಷದ ಕೊನೆಗೆ ಸರಾಸರಿ ರೇಟ್ ಸಿಕ್ಕಿರುತ್ತದೆ.

ದಿನ, ಹೊತ್ತು ಆರಿಸಿಕೊಳ್ಳುವುದು ಮಾತ್ರ ಉಪಯೋಗ. ಮುಂಬೈನ ವಿನಿಮಯ ಮಾರುಕಟ್ಟೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 3.30ರವರೆಗೆ, ದುಬೈ ಗಡಿಯಾರದಲ್ಲಿ 7.30ರಿಂದ 2ರವರೆಗೆ. ಶನಿವಾರ, ಭಾನುವಾರ ಮಾರುಕಟ್ಟೆ ಮುಚ್ಚಿರುವಾಗ ಸೋಮವಾರ ರೇಟ್ ಎತ್ತ ಹೋದೀತೋ ಎಂದು ಎಕ್ಸ್‌ಚೇಂಜಿನವರು, ಆ್ಯಪಿನವರು ಒಂದೆರಡು ಪೈಸೆ ತಮ್ಮ ಕಡೆ ಇಟ್ಟುಕೊಳ್ಳುವುದುಂಟು. ವಾರದ ನಡುವೆ, ಬೆಳಗಿನ ಹೊತ್ತು ಆ್ಯಪ್ ತೆರೆದರೆ ಸಾಲೂ ಇಲ್ಲ, ರೇಟೂ ಅಸಲಿಗೆ ಹತ್ತಿರ.

ಯಾರಿಗೆ ಯಾವುದು

ತಿಂಗಳಿಗೆ ಸಾವಿರದ ಆಸುಪಾಸು ಕಳಿಸುವವರು, ಸಂಬಳದ ಕಾರ್ಡಿನವರು ಚಾರ್ಜ್ ಕಡಿಮೆ ಇರುವಲ್ಲಿ ಹೋಗಿ. ಎರಡು ತಿಂಗಳಿಗೊಮ್ಮೆ ಒಟ್ಟಿಗೆ ಕಳಿಸಿದರೆ ಮನೆ ನಡೆಯುತ್ತದೆಯೇ ನೋಡಿ. ಕಾರ್ಡಿನಿಂದ ತೆಗೆಯುವಾಗ ಬೇರೆ ಬ್ಯಾಂಕಿನ ಎಟಿಎಂಗೆ 2 ದಿರ್ಹಂ ಮತ್ತು ವ್ಯಾಟ್ ಬೀಳುತ್ತದೆ, ಹತ್ತು ಸಲ ನೂರು ನೂರು ತೆಗೆಯಬೇಡಿ. ಮೂರು ಸಾವಿರಕ್ಕೆ ಮೇಲೆ ಕಳಿಸುವವರು ಎಕ್ಸ್‌ಚೇಂಜ್ ಆ್ಯಪ್ ಒಂದು, ಬೇರೆ ಆ್ಯಪ್ ಒಂದು, ಬ್ಯಾಂಕ್ ಒಂದು ತೆರೆದು ಒಂದೇ ಮೊತ್ತ ಹಾಕಿ ಕೊನೆಯ ರೂಪಾಯಿಯನ್ನು ಹೋಲಿಸಿ. 20,000 ದಿರ್ಹಂ ಮೀರಿದರೆ ಬೋರ್ಡಿನ ರೇಟಿಗೆ ಒಪ್ಪಬೇಡಿ, ಮ್ಯಾನೇಜರನ್ನು ಕಂಡು ಸ್ಪೆಷಲ್ ರೇಟ್ ಕೇಳಿ. 60,000 ದಿರ್ಹಮಿಗೆ ಮೂರು ಪೈಸೆ ಹೆಚ್ಚಿಸಿದರೂ 1,800 ರೂಪಾಯಿ. ಸಂಬಳ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿರಲಿ, ದೊಡ್ಡ ಮೊತ್ತಕ್ಕೆ ಕೇಳುತ್ತಾರೆ.

ಕೆಲಸ ಮುಗಿಸಿ ವಾಪಸಾಗುವಾಗ

ಯುಎಇ ಕಾನೂನಿನಲ್ಲಿ ಕೆಲಸ ಮುಗಿದ 14 ದಿನದೊಳಗೆ ಮಾಲೀಕರು ಬಾಕಿ, ಗ್ರಾಚ್ಯುಟಿ ಎಲ್ಲ ಕೊಡಬೇಕು. ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನ ವರ್ಷಗಳಿಗೆ 30 ದಿನದ ಮೂಲ ಸಂಬಳ. ಆ ಹಣ ಖಾತೆಗೆ ಬಂದ ಕೂಡಲೇ, ನಿಮ್ಮ ಹೆಸರಿನಲ್ಲಿ ಸಾಲವೋ ಕ್ರೆಡಿಟ್ ಕಾರ್ಡೋ ಇದ್ದರೆ, ಬ್ಯಾಂಕ್ ಖಾತೆಯನ್ನು ತಡೆಹಿಡಿಯಬಹುದು. ಆದ್ದರಿಂದ ಕ್ರಮ ಹೀಗಿರಲಿ: ರಾಜೀನಾಮೆಗೆ ಮೊದಲೇ ಕಾರ್ಡಿನ ಬಾಕಿ ತೀರಿಸಿ, ಬಾಕಿಯಿಲ್ಲ ಎಂಬ ಪತ್ರ ಪಡೆಯಿರಿ. ವೀಸಾ ರದ್ದಾಗುವ ಮೊದಲು, ಎಮಿರೇಟ್ಸ್ ಐಡಿ ಚಾಲ್ತಿಯಲ್ಲಿರುವಾಗಲೇ ಹಣವನ್ನು ಎನ್‌ಆರ್‌ಇಗೆ ಕಳಿಸಿ. ಖಾತೆ ಮುಚ್ಚಿಸಿ, ಮುಚ್ಚಿದ ಪತ್ರ ಕೈಗೆ ತೆಗೆದುಕೊಳ್ಳಿ. ಸುಮ್ಮನೆ ಬಿಟ್ಟು ಬಂದ ಖಾತೆಗೆ ಕನಿಷ್ಠ ಮೊತ್ತ ಇಲ್ಲದ್ದಕ್ಕೆ ಹಾಕುವ ಚಾರ್ಜ್ ತಿಂಗಳು ತಿಂಗಳೂ ಬೀಳುತ್ತಿರುತ್ತದೆ.

ಊರಿಗೆ ಬಂದ ಮೇಲೆ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಿ. ಮತ್ತೆ ಹೊರಗೆ ಹೋಗುವ ಯೋಚನೆಯಿದ್ದು ಹಣ ವಿದೇಶಿ ನಾಣ್ಯದಲ್ಲೇ ಇರಲಿ ಎನ್ನುವವರಿಗೆ ಆರ್‌ಎಫ್‌ಸಿ ಖಾತೆಯಿದೆ. ಎಫ್‌ಸಿಎನ್‌ಆರ್ ಠೇವಣಿಯನ್ನು ಅವಧಿ ಮುಗಿಯುವವರೆಗೆ ಅದೇ ಬಡ್ಡಿಯಲ್ಲಿ ಮುಂದುವರಿಸಬಹುದು. ಕಳಿಸಿದ ರಶೀದಿಗಳ ಫೋಟೋ ವರ್ಷವಾರು ಒಂದು ಫೋಲ್ಡರಿನಲ್ಲಿ ಇಟ್ಟಿರಿ. ಉಷ್ಣಕ್ಕೆ ಅಚ್ಚಾಗುವ ಆ ಕಾಗದದ ಅಕ್ಷರ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಾಸಿಹೋಗುತ್ತದೆ.